ಚಿಪ್ ಬದಲಾದರೆ ಲೆಕ್ಕಪುಸ್ತಕದ ಗತಿ ಏನು?

2025ರ ನವೆಂಬರ್‌ನಲ್ಲಿ, ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯ ಸಂದರ್ಭದಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ‘ಕಿಯೋ’ ಎಂಬ ಕಡಿಮೆ ಬೆಲೆಯ ಗಣಕಯಂತ್ರವನ್ನು ಹೊರತಂದಿತು. ಇದರ ಪ್ರೊಸೆಸರ್ ನಾವು ಅಂಗಡಿ, ಗಿರಣಿಗಳಲ್ಲಿ ಬಳಸುತ್ತ ಬಂದಿರುವ ಇಂಟೆಲ್ ಬಗೆಯದಲ್ಲ. ‘ರಿಸ್ಕ್-ಫೈವ್’ ಎಂಬ ಮುಕ್ತ ವಿನ್ಯಾಸದ್ದು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಆಜ್ಞಾಸಂಹಿತೆಗೆ ಯಾರೂ ಪರವಾನಗಿ ಶುಲ್ಕ ತೆರಬೇಕಿಲ್ಲ. ಮದರಾಸು ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗಾ’ ಪ್ರೊಸೆಸರ್‌ಗಳೂ ಇದೇ ವಂಶದವು. ತಯಾರಕನ ದೃಷ್ಟಿಯಿಂದ ನೋಡಿದರೆ ಬದಲಾವಣೆ ಸರಿಯಾದದ್ದೇ. ಒಂದೆರಡು ವಿದೇಶಿ ಕಂಪನಿಗಳ ಕೃಪೆಯಲ್ಲಿ ಎಷ್ಟು ದಿನ ಇರುವುದು?

ಆದರೆ ಕೊಳ್ಳುವ ವರ್ತಕನ ಲೆಕ್ಕವೇ ಬೇರೆ. ಪ್ರೊಸೆಸರ್ ಬದಲಾದರೆ ಅದು ತಿಳಿಯುವ ಆಜ್ಞೆಗಳ ಭಾಷೆಯೇ ಬದಲಾಗುತ್ತದೆ. ಹಳೆಯ ತಂತ್ರಾಂಶ ಅಲ್ಲಿ ತಾನಾಗಿ ನಡೆಯದು. ಕಂಪ್ಲಿಯ ಅಕ್ಕಿ ಗಿರಣಿಯಿಂದ ಬುಕ್ಕಸಾಗರದ ಗೊಬ್ಬರದಂಗಡಿಯವರೆಗೆ ನಮ್ಮ ಕಡೆ ಗಣಕಯಂತ್ರದ ಲೆಕ್ಕವೆಂದರೆ ಬಹುಮಟ್ಟಿಗೆ ಟ್ಯಾಲಿ. ನಮ್ಮ ಬೆಂಗಳೂರಿನ ಕಂಪನಿಯದೇ ಆದ ಈ ತಂತ್ರಾಂಶ ವಿಂಡೋಸ್‌ಗಾಗಿ ರೂಪಿತವಾದುದು. ಕಿಯೋ ನಡೆಯುವುದು ಲಿನಕ್ಸ್‌ನಲ್ಲಿ. ಜಿಎಸ್‌ಟಿ ರಿಟರ್ನನ್ನು ಬ್ರೌಸರ್‌ನಲ್ಲಿ ತುಂಬಬಹುದು, ನಿಜ. ಆದರೆ ಡಿಜಿಟಲ್ ಸಹಿಯ ಟೋಕನ್, ಬಿಲ್ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇವುಗಳಿಗೆ ಹೊಸ ಚಿಪ್‌ಗೆ ಹೊಂದುವ ಡ್ರೈವರ್ ದೊರೆಯುವುದೇ?

ಇದು ಬರೀ ಅನುಕೂಲದ ಮಾತಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಂ ಪ್ರಕಾರ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಿರಬೇಕು. ಜಿಎಸ್‌ಟಿ ಕಾಯ್ದೆಯಲ್ಲಿ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು. ಇದಲ್ಲದೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಲೇಬೇಕು. ಪುಕ್ಕಟೆ ಸಿಕ್ಕಿತೆಂದು ಯಾವುದೋ ತಂತ್ರಾಂಶವನ್ನು ಹಾಕಿಕೊಂಡರೆ ಅದನ್ನು ವರದಿಯಲ್ಲಿ ಬರೆಯಬೇಕಾದವರು ಲೆಕ್ಕಪರಿಶೋಧಕರಾದ ನಾವು, ಮುನಿಸಿಕೊಳ್ಳುವವರು ಕಕ್ಷಿದಾರರು!

ಆಪಲ್ ಕಂಪನಿ 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಿಂದ ಇಂಟೆಲ್ ಬಿಟ್ಟು ತನ್ನದೇ ಚಿಪ್‌ಗೆ ಹೊರಳಿತು. ಎರಡೂ ಸಲ ‘ರೊಸೆಟ್ಟಾ’ ಎಂಬ ಅನುವಾದಕ ತಂತ್ರಾಂಶವನ್ನು ಪ್ರತ್ಯೇಕ ಹಣ ಕೇಳದೆ ತಾನೇ ಒದಗಿಸಿ, ಹಳೆಯ ತಂತ್ರಾಂಶಗಳು ಕೆಲವು ವರ್ಷ ನಡೆಯುವಂತೆ ನೋಡಿಕೊಂಡಿತು. ಕಿಯೋನಿಕ್ಸ್ ಕೂಡ ಇಂಥದೇ ಹೊಣೆ ಹೊರಬೇಕೆಂಬುದು ನನ್ನ ಅಭಿಪ್ರಾಯ. ಶಾಲೆಯ ಮಕ್ಕಳ ಕಲಿಕೆಗೆ ಈ ಯಂತ್ರ ಸಾಕು. ವರ್ತಕರಿಗೆ ಮಾರಬೇಕಾದರೆ ಮೊದಲು ಲೆಕ್ಕದ ತಂತ್ರಾಂಶ ತಯಾರಕರೊಡನೆ ಕುಳಿತು ಮಾತನಾಡಲಿ; ಹಳೆಯ ದತ್ತಾಂಶ ತೆರೆಯುವುದೆಂಬ ಖಾತರಿಯನ್ನು ಲಿಖಿತವಾಗಿ ಕೊಡಲಿ. ನಮ್ಮ ಸಂಸ್ಥೆಯೇ ಈ ಕುರಿತು ಒಂದು ಪತ್ರ ಬರೆಯುವುದು ಉಚಿತ. ಅಲ್ಲಿಯವರೆಗೆ ಹೊಸ ಯಂತ್ರ ಕೊಳ್ಳುವ ಸದಸ್ಯರು ಹಳೆಯದನ್ನು ಗುಜರಿಗೆ ಹಾಕದಿರಲಿ.