ಹನ್ನೆರಡು ಸಾಲಿನ ಕವಿತೆಗೆ ಅಟ್ಯಾಚ್‌ಮೆಂಟ್ ಯಾಕೆ?

‘ಅಪರಿಚಿತರು ಕಳಿಸಿದ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಎಂಬ ಬುದ್ಧಿಮಾತನ್ನು ಬ್ಯಾಂಕಿನವರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಕಾಲೇಜುಗಳ ಸೈಬರ್ ಜಾಗೃತಿ ಕಾರ್ಯಕ್ರಮಗಳಲ್ಲಿ ಮೈಕು ಹಿಡಿದವರೆಲ್ಲ ಹೇಳುತ್ತಾರೆ. ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನಂಥವಳು ಇದನ್ನು ಒಂದು ವಾರ ಪಾಲಿಸಿದರೂ ಕೆಲಸ ನಿಂತುಹೋಗುತ್ತದೆ. ವಿಚಾರ ಸಂಕಿರಣದ ಆಹ್ವಾನ, ಪ್ರಬಂಧ ಕಳಿಸುವ ನಿಯಮಾವಳಿ, ಅತಿಥಿ ಉಪನ್ಯಾಸಕರ ಅರ್ಜಿ ನಮೂನೆ, ಕವಿಗೋಷ್ಠಿಯ ಕರೆ, ಪತ್ರಿಕೆಯವರ ಕರಡು, ಎಲ್ಲವೂ ಬರುವುದು ಅಟ್ಯಾಚ್‌ಮೆಂಟ್ ಆಗಿಯೇ. ಕಳಿಸಿದವರ ಮುಖವನ್ನು ನಾವು ಕಂಡಿರುವುದೂ ಇಲ್ಲ. ತೆರೆಯದಿದ್ದರೆ ಅವಕಾಶ ಹೋಯಿತು. ತೆರೆದು ವೈರಸ್ ಹತ್ತಿದರೆ ‘ಓದಿದೋರು ನೀವು, ಅಷ್ಟೂ ತಿಳೀಲಿಲ್ಲೇನ್ರೀ’ ಎಂಬ ಮಾತು ಕೇಳಬೇಕು. ತಪ್ಪನ್ನು ಸದಾ ತೆರೆದವರ ತಲೆಗೆ ಕಟ್ಟುವ ಈ ಪದ್ಧತಿಯ ಬಗ್ಗೆ ನನ್ನ ತಕರಾರಿದೆ. ಕಳಿಸುವವರಿಗೆ ಯಾವ ಹೊಣೆಯೂ ಇಲ್ಲವೇ?

ಮೊದಲಿಗೆ, ಈ ಬುದ್ಧಿಮಾತು ಹಳಸಿ ಕಾಲು ಶತಮಾನವಾಯಿತು. 1999ರ ಮಾರ್ಚ್‌ನಲ್ಲಿ ಹಬ್ಬಿದ ಮೆಲಿಸ್ಸಾ ವೈರಸ್ ಒಂದು ವರ್ಡ್ ಫೈಲಿನೊಳಗೆ ಕೂತಿತ್ತು. ಫೈಲ್ ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ಅದು ಅವರ ಹೆಸರಿನಲ್ಲೇ ಹೋಗುತ್ತಿತ್ತು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ಇನ್ನೂ ಮುಂದೆ ಹೋಗಿ ಪಟ್ಟಿಯಲ್ಲಿದ್ದ ಎಲ್ಲರಿಗೂ ಪ್ರೇಮಪತ್ರ ಹಂಚಿತು. ಆ ಫೈಲಿನ ಹೆಸರಿನ ತುದಿಯಲ್ಲಿ ‘ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’ ಎಂದಿತ್ತು. ವಿಂಡೋಸ್ ಕೊನೆಯ ತುಂಡನ್ನು ಮರೆಮಾಡಿ ತೋರಿಸುವುದರಿಂದ ನೋಡಿದವರಿಗೆ ಅದು ಬರಿಯ ಪಠ್ಯದ ಫೈಲ್‌ನಂತೆ ಕಂಡಿತು. ತೆರೆದವರ ಫೋಟೋಗಳ ಮೇಲೆ ವೈರಸ್ ತನ್ನನ್ನೇ ಬರೆದುಕೊಂಡಿತು. ಎರಡೂ ಸಲ ಪತ್ರ ಬಂದದ್ದು ಪರಿಚಿತರಿಂದ. ಗುರುತಿನವರ ಹೆಸರು ಕಂಡಾಗಲೇ ನಾವು ಮೈಮರೆಯುತ್ತೇವೆ ಎಂಬುದು ವೈರಸ್ ಬರೆಯುವವರಿಗೆ ಅಂದೇ ತಿಳಿದಿತ್ತು. ಬುದ್ಧಿ ಹೇಳುವವರಿಗೆ ಇನ್ನೂ ತಿಳಿದಿಲ್ಲ.

ಎರಡನೆಯದು, ಈ ಮಾತು ಹೇಳುವವರ ಕಣ್ಣಮುಂದೆ ಇರುವುದು ಒಬ್ಬರಿಗೊಂದು ಲ್ಯಾಪ್‌ಟಾಪ್ ಇರುವ ಮನೆ. ನಾನು ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಓದುತ್ತೇನೆ. ಮನೆ ಇರುವುದು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣಿನ ಊರು ಎಂದರೆ ಹಲವರಿಗೆ ಗೊತ್ತಾಗುತ್ತದೆ. ಅಲ್ಲಿರುವುದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದೇ. ಅಪ್ಪನ ಪಹಣಿ, ತಮ್ಮನ ಪರೀಕ್ಷೆಯ ಅರ್ಜಿ, ನೆರೆಮನೆಯವರ ಆಧಾರ್ ಪ್ರಿಂಟು, ಸುತ್ತಲಿನ ಹಳ್ಳಿಗಳಲ್ಲಿ ನಾನು ಧ್ವನಿಮುದ್ರಿಸಿದ ಮೊಹರಂ ಪದಗಳು, ಎಲ್ಲ ಅದರಲ್ಲೇ. ‘ಅಕ್ಕಾ, ಹಾಲ್ ಟಿಕೆಟ್ ಅಂತ ಏನೋ ಬಂದದ, ತೆಗೀಲೇನು?’ ಎಂದು ತಮ್ಮ ಫೋನ್ ಮಾಡಿ ಕೇಳುತ್ತಾನೆ. ಇಂಥ ಮನೆಯಲ್ಲಿ ಒಬ್ಬರು ಒತ್ತಿದ ಗುಂಡಿಗೆ ಎಲ್ಲರೂ ಬೆಲೆ ತೆರಬೇಕಾಗುತ್ತದೆ. ‘ನಮ್ಮಂಥೋರ ಕಂಪ್ಯೂಟರಿಗೆ ಯಾರ್ ಬರ್ತಾರ’ ಎಂದು ಅಪ್ಪ ನಗುತ್ತಾರೆ. ಆದರೆ ವೈರಸ್ ಮನೆಯ ಅಂತಸ್ತು ನೋಡಿ ಬರುವುದಿಲ್ಲ. ಯಾರದೋ ವಿಳಾಸಪಟ್ಟಿಯಲ್ಲಿ ನಮ್ಮ ಹೆಸರಿದ್ದರೆ ಅದಕ್ಕೆ ಸಾಕು.

ನನ್ನ ಜೊತೆಯ ಸಂಶೋಧಕಿಯೊಬ್ಬಳು ಎರಡು ವರ್ಷ ಊರೂರು ತಿರುಗಿ ಬೀಸುಕಲ್ಲಿನ ಪದಗಳನ್ನು ಸಂಗ್ರಹಿಸಿದ್ದಳು. ತಾನು ಮೊದಲು ಬರೆದಿದ್ದ ಮೇಲ್‌ಗೆ ಉತ್ತರವಾಗಿಯೇ, ಸಂಕಿರಣವೊಂದರ ಸಂಘಟಕರ ವಿಳಾಸದಿಂದ ಅವಳಿಗೊಂದು ವರ್ಡ್ ಫೈಲ್ ಬಂತು. ಪ್ರಬಂಧ ಒಪ್ಪಿತವಾಗಿದೆ, ವಿವರ ಒಳಗಿದೆ ಎಂದಿತ್ತು. ಮೇಲಿನ ಹಳದಿ ಪಟ್ಟಿಯಲ್ಲಿ ಕಂಡ ಗುಂಡಿಯನ್ನು ಒತ್ತಿದಳು. ಸಂಜೆಯ ಹೊತ್ತಿಗೆ ಒಂದು ಫೈಲೂ ತೆರೆಯಲಿಲ್ಲ. ಹಣ ಕೇಳುವ ಒಂದು ಚೀಟಿ ಮಾತ್ರ ತೆರೆಯಿತು. ಧ್ವನಿಮುದ್ರಿಕೆಗಳು ಫೋನಿನಲ್ಲಿದ್ದವು. ಲಿಪ್ಯಂತರ, ಟಿಪ್ಪಣಿ, ಹಾಡಿದವರ ಹೆಸರು, ಊರು, ಅರ್ಥ ಹೇಳಿದ ಮಾತು, ಎಲ್ಲ ಹೋದವು. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ಸಂಘಟಕರನ್ನು ಕೇಳಿದರೆ ‘ನಮ್ಮ ಮೇಲ್ ಹ್ಯಾಕ್ ಆಗಿತ್ತು, ನಾವೇನು ಮಾಡೂಣು’ ಎಂದರು. ಹ್ಯಾಕ್ ಆದದ್ದು ಗೊತ್ತಾದ ದಿನವೇ ಪಟ್ಟಿಯಲ್ಲಿದ್ದವರಿಗೆ ನಾಲ್ಕು ಸಾಲು ಬರೆಯಬಹುದಿತ್ತು. ಯಾರೂ ಬರೆದಿರಲಿಲ್ಲ.

ಅವಳು ಆ ಗುಂಡಿ ಯಾಕೆ ಒತ್ತಿದಳು ಎಂದು ಕೇಳುವ ಮುನ್ನ, ಒತ್ತುವ ಅಭ್ಯಾಸವನ್ನು ಅವಳಿಗೆ ಕಲಿಸಿದವರು ಯಾರು ಎಂದು ಕೇಳಬೇಕು. ಹೊರಗಿನಿಂದ ಬಂದ ವರ್ಡ್ ಫೈಲನ್ನು ಕಂಪ್ಯೂಟರ್ ಮೊದಲು ಓದುವುದಕ್ಕಷ್ಟೇ ತೆರೆಯುತ್ತದೆ. ‘ಎನೇಬಲ್ ಎಡಿಟಿಂಗ್’ ಒತ್ತಿದರೆ ಟೈಪ್ ಮಾಡಬಹುದು. ‘ಎನೇಬಲ್ ಕಂಟೆಂಟ್’ ಒತ್ತಿದರೆ ಫೈಲಿನೊಳಗೆ ಅಡಗಿರುವ ಮ್ಯಾಕ್ರೋ, ಅಂದರೆ ಸಣ್ಣ ಪ್ರೋಗ್ರಾಂ, ಓಡಲು ಶುರುಮಾಡುತ್ತದೆ. ನಮ್ಮ ಸಂಸ್ಥೆಗಳು ಪ್ರತಿ ಅರ್ಜಿಯನ್ನೂ ವರ್ಡ್‌ನಲ್ಲೇ ತುಂಬಿ ಕಳಿಸಿ ಎನ್ನುತ್ತವೆ. ಹಳದಿ ಪಟ್ಟಿ ಕಂಡರೆ ಒತ್ತುವುದು ಕೈಗೆ ರೂಢಿಯಾಗಿಬಿಡುತ್ತದೆ. ಅಂತರಜಾಲದಿಂದ ಬಂದ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ. ನಮ್ಮ ಮನೆಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಇನ್ನೂ ಓಡುತ್ತಿರುವುದು ಆಫೀಸ್ 2007. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ.

ಹಳೆಯದನ್ನು ಬಿಡದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ನಮ್ಮ ಕನ್ನಡದ ಅಕ್ಷರ ವ್ಯವಸ್ಥೆಯೂ ಕಾರಣ. ನುಡಿ, ಬರಹ, ಶ್ರೀಲಿಪಿ ನಮಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟವು; ಆ ಋಣ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ಮೇಲ್‌ನೊಳಗೆ ಅಂಟಿಸಿದರೆ ಅತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ಫೈಲ್ ಮಾಡಿಯೇ ಕಳಿಸಬೇಕಾಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡದ ತುಂಗಾ ಫಾಂಟ್ ಇತ್ತು. ಆದರೂ ‘ನುಡಿಯಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿ’ ಎಂಬ ಸೂಚನೆ ಸಂಶೋಧನಾ ಪತ್ರಿಕೆಗಳಿಂದ ಇವತ್ತಿಗೂ ಬರುತ್ತದೆ. ಹನ್ನೆರಡು ಸಾಲಿನ ಕವಿತೆ ಅಟ್ಯಾಚ್‌ಮೆಂಟ್ ಆಗಿ ಬರುತ್ತದೆ. ‘ನಾಳೆ ಹನ್ನೊಂದಕ್ಕೆ ಸಭೆ’ ಎಂಬುದೂ ಬರುತ್ತದೆ. ಓದಲು ಫೈಲ್ ತೆರೆಯಲೇಬೇಕಾದ ಸಾಹಿತ್ಯಲೋಕವನ್ನು ನಾವೇ ಕಟ್ಟಿ, ಫೈಲ್ ತೆರೆಯಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೇವೆ.

ಆದ್ದರಿಂದ ಕಳಿಸುವವರಲ್ಲಿ, ಅಂದರೆ ವಿಭಾಗಗಳು, ಸಂಘಟಕರು, ಸಂಪಾದಕರು, ಪ್ರಕಾಶಕರಲ್ಲಿ ನನ್ನ ಕೇಳಿಕೆಗಳಿವು. ಪಠ್ಯವನ್ನು ಯೂನಿಕೋಡ್‌ನಲ್ಲಿ ಮೇಲ್‌ನೊಳಗೇ ಬರೆಯಿರಿ. ಅರ್ಜಿಗೆ ಆನ್‌ಲೈನ್ ಫಾರ್ಮ್ ಮಾಡಿ. ಆಹ್ವಾನವನ್ನು ನಿಮ್ಮ ವೆಬ್‌ಸೈಟಿನಲ್ಲೂ ಹಾಕಿ. ಬಂದ ಮೇಲ್ ನಿಜವೋ ಸುಳ್ಳೋ ಎಂದು ತಾಳೆ ನೋಡಲು ನಮಗೊಂದು ದಾರಿ ಇರಲಿ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸಬೇಡಿ, ಅದರೊಳಗೆ ಏನಿದೆ ಎಂದು ಮೇಲ್ ಸೇವೆಯ ತಪಾಸಣೆಗೂ ಕಾಣುವುದಿಲ್ಲ. ನಿಮ್ಮ ಮೇಲ್ ಹ್ಯಾಕ್ ಆದರೆ ನಾಚಿಕೆಪಡದೆ ಅಂದೇ ಎಲ್ಲರಿಗೂ ತಿಳಿಸಿ.

ಅವರು ಬದಲಾಗುವವರೆಗೆ ನಾವು ಕೈಕಟ್ಟಿ ಕೂರುವಂತಿಲ್ಲ. ಫೈಲನ್ನು ಇಳಿಸಿಕೊಳ್ಳದೆ ಜಿಮೇಲ್‌ನ ಮುನ್ನೋಟದಲ್ಲೇ ಓದಿ. ಆಗ ಫೈಲ್ ತೆರೆಯುವುದು ಅವರ ಸರ್ವರಿನಲ್ಲಿ, ನಿಮ್ಮ ಮನೆಯಲ್ಲಲ್ಲ. ಫೈಲಿನ ಹೆಸರು ತುದಿಯವರೆಗೆ ಕಾಣುವಂತೆ ವಿಂಡೋಸ್‌ನ ಸೆಟ್ಟಿಂಗ್ ಬದಲಿಸಿ. ‘ಎನೇಬಲ್ ಕಂಟೆಂಟ್’ ಕೇಳಿದರೆ ಅಲ್ಲಿಗೇ ಮುಚ್ಚಿ, ಕಳಿಸಿದವರಿಗೆ ಫೋನ್ ಮಾಡಿ. ಮನೆಮಂದಿಗೆಲ್ಲ ಬೇರೆ ಬೇರೆ ಲಾಗಿನ್ ಇರಲಿ, ಅಡ್ಮಿನ್ ಅಧಿಕಾರ ದಿನನಿತ್ಯದ ಯಾವ ಲಾಗಿನ್‌ಗೂ ಬೇಡ. ಕಳ್ಳ ಕಾಪಿಯ ಆಫೀಸ್ ಹಾಕುವಾಗ ಆಂಟಿವೈರಸ್ ಆರಿಸಿ ಎನ್ನುತ್ತಾರೆ. ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ ಅದು. ಉಚಿತವಾದ ಲಿಬ್ರೆ ಆಫೀಸ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೊಮ್ಮೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಂತರ ಅದನ್ನು ಕಿತ್ತು ಕಪಾಟಿನಲ್ಲಿಡಿ. ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ವೈರಸ್ ಅದನ್ನೂ ಬಿಡುವುದಿಲ್ಲ.

ಇಷ್ಟಾದರೂ ಹತ್ತಿಕೊಂಡರೆ ಮೊದಲು ಇಂಟರ್ನೆಟ್ ಕಡಿಯಿರಿ. ಅಂಗಡಿಯವರು ‘ಫಾರ್ಮ್ಯಾಟ್ ಹೊಡದ್ರ ಆಯ್ತ್ರೀ’ ಎಂದರೆ ಒಪ್ಪಬೇಡಿ. ಬೀಗ ಬಿದ್ದ ಫೈಲುಗಳನ್ನು ಹಾಗೇ ಎತ್ತಿಡಿ. 2016ರಲ್ಲಿ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಇವತ್ತು ಇಲ್ಲದ ಕೀಲಿ ಮುಂದೊಂದು ದಿನ ಸಿಗಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಬಿಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ ಪ್ರಕಾರ ಅಪರಾಧ. ದೂರು ಕೊಡುವುದು ನಿಮ್ಮ ಹಕ್ಕು.

ಮೊಹರಂ ಪದಕ್ಕಾಗಲಿ ಬೀಸುಕಲ್ಲಿನ ಪದಕ್ಕಾಗಲಿ ಎರಡನೆಯ ಪ್ರತಿ ಯಾವ ಗ್ರಂಥಾಲಯದಲ್ಲೂ ಇಲ್ಲ. ಅವು ಇರುವುದು ನಮ್ಮಂಥವರ ಮನೆಯ ಹಳೆಯ ಕಂಪ್ಯೂಟರುಗಳಲ್ಲಿ. ಅವುಗಳನ್ನು ಕಾಯುವ ಕೆಲಸ ತೆರೆಯುವವರದಷ್ಟೇ ಕಳಿಸುವವರದೂ ಹೌದು. ಈ ಲೇಖನವನ್ನು ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೇಲ್‌ನೊಳಗೇ ಅಂಟಿಸಿ ಕಳಿಸುತ್ತಿದ್ದೇನೆ. ಸಂಪಾದಕರು ಫೈಲ್ ಕೇಳಿದರೆ ಕೊಡುವುದಿಲ್ಲ.