ಅಳಿಯನ ಮನೆ ವೈಫೈ ಸಾಕು ಅಂತೀರಾ?

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಮಗನ ಹೊಸ ಮನೆ ನೋಡಲು ಲಂಡನ್ನಿಗೋ, ತಂಗಿಯ ಮನೆಗೆಂದು ದುಬೈಗೋ? ಹಾಗಾದರೆ ನಿಮ್ಮ ಸೂಟ್‌ಕೇಸಿನಲ್ಲಿ ಏನೇನಿದೆ ಅಂತ ನಾನೇ ಹೇಳಿಬಿಡುತ್ತೇನೆ. ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಕೆಂಪು ಖಾರ, ಮಗುವಿಗೆ ಕುಲಾವಿ, ಕಾಲುಚೀಲ. ತೂಕ ಹೆಚ್ಚಾದೀತೆಂದು ಮೂರು ಸಲ ತೂಗಿ ನೋಡಿರುತ್ತೀರಿ. ಪಾಸ್‌ಪೋರ್ಟು, ವೀಸಾ, ಬಿ.ಪಿ. ಮಾತ್ರೆ ಎಲ್ಲಕ್ಕೂ ಪಟ್ಟಿ ಇದೆ. ಮೊಬೈಲಿಗೆ? "ಅಯ್ಯೋ, ಅಲ್ಲಿ ಮನೇಲಿ ವೈಫೈ ಇದೆಯಲ್ಲ, ನನಗ್ಯಾಕೆ ಬೇರೆ ಇಂಟರ್ನೆಟ್ಟು?" ಇದೇ ಉತ್ತರ ಅಲ್ವಾ?

2023ರಲ್ಲಿ ನನ್ನ ಉತ್ತರವೂ ಇದೇ ಆಗಿತ್ತು. ಅದಕ್ಕೇ ಈ ಮಾತು ಹೇಳಬೇಕಾಗಿ ಬಂದಿದೆ.

ನನ್ನ ತವರು ಶಹಾಪುರ ತಾಲ್ಲೂಕಿನ ಶಿರವಾಳ. ಅವ್ವ ಅಲ್ಲೇ ತಮ್ಮನ ಜೊತೆ ಇದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಫೋನು ಬರಬೇಕು, ಇಲ್ಲದಿದ್ದರೆ ಅವ್ವನಿಗೆ ಊಟ ಸೇರೋದಿಲ್ಲ. ನಾನು ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದ ಮೇಲೂ ಇದು ತಪ್ಪಲಿಲ್ಲ. ಊರಲ್ಲಿ ಸಂಜೆ ಏಳು ಅಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ ಒಂಬತ್ತೂವರೆ. ಮಗುವಿಗೆ ಎಣ್ಣೆ ನೀರು ಮುಗಿಸಿ, ಕಾಫಿ ಲೋಟ ಹಿಡಿದು ಕೂತರೆ ತಮ್ಮನ ಫೋನಿನಲ್ಲಿ ಅವ್ವನ ಮುಖ. ಎಲ್ಲಾ ಅಳಿಯನ ಮನೆ ವೈಫೈ ದಯೆ. ಒಂದು ಪೈಸೆ ಖರ್ಚಿಲ್ಲ ಅಂತ ನಾನೂ ಬೀಗುತ್ತಿದ್ದೆ.

ಮಗುವಿಗೆ ನಾಲ್ಕು ತಿಂಗಳು ತುಂಬಿತು ಅಂತ ಎಲ್ಲರೂ ನಯಾಗರಾ ನೋಡಲು ಹೊರಟೆವು. ಬೆಳಗ್ಗೆ ಆರಕ್ಕೇ ಕಾರು ಹತ್ತಿದ್ದು. ದಾರಿಯಲ್ಲಿ ನನ್ನ ಫೋನು ಬರೀ ಗಡಿಯಾರ! ಸಂಜೆ ಐದಕ್ಕೆ ಹೋಟೆಲ್ಲಿನ ವೈಫೈ ಹಿಡಿದದ್ದೇ ತಡ, ಟಿಣ್ ಟಿಣ್ ಅಂತ ಹನ್ನೊಂದು ಸಂದೇಶ ಒಟ್ಟಿಗೆ ಬಂದವು. "ಅಕ್ಕಾ, ಅವ್ವ ಅಂಗಳದಾಗ ಜಾರಿ ಬಿದ್ದಾಳ. ಫೋನ್ ಎತ್ತು." "ಅಕ್ಕಾ, ಕಲಬುರಗಿಗೆ ಕರ್ಕೊಂಡು ಹೊಂಟೀವಿ." "ಅಕ್ಕಾ, ಎಲ್ಲಿದ್ದಿ?" ನಾನು ಓದುವ ಹೊತ್ತಿಗೆ ಅಲ್ಲಿ ನಡುರಾತ್ರಿ ಎರಡೂವರೆ. ಮಗಳ ನಂಬರ್ ತಮ್ಮನ ಬಳಿ ಇತ್ತು, ಆದರೆ ಅದು ಅವಳ ಹಳೇ ಬೆಂಗಳೂರು ನಂಬರ್. ಅಳಿಯನ ನಂಬರ್ ಕೊಟ್ಟು ಬರುವ ಬುದ್ಧಿ ನನಗೇ ಇರಲಿಲ್ಲ. ಪುಣ್ಯಕ್ಕೆ ಮುಂಗೈ ಮೂಳೆ ಮುರಿದದ್ದರಲ್ಲೇ ಮುಗಿಯಿತು. ಮರುದಿನ ಅವ್ವ ಕೇಳಿದ್ದು ಒಂದೇ ಮಾತು. "ಎಲ್ಲಿಗಿ ಹೋಗಿದ್ದಿ ಯವ್ವಾ? ನಿನ್ನ ಫೋನು ಹತ್ತಲೇ ಇಲ್ಲ." ಏನಂತ ಉತ್ತರ ಕೊಡಲಿ? ಹತ್ತು ಡಾಲರ್ ಉಳಿಸಲು ಹೋಗಿದ್ದೆ ಅಂತಲೇ?

ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪರದೇಶಕ್ಕೆ ಹೋಗುವ ಹೆಂಗಸಿಗೆ ತನ್ನದೇ ಆದ ಇಂಟರ್ನೆಟ್ ಇರಬೇಕು. ಅದು ಷೋಕಿ ಅಲ್ಲ. ಅದನ್ನು ದುಬಾರಿಯಾಗದಂತೆ ಮಾಡಿಕೊಳ್ಳುವುದು ಮಾತ್ರ ನಮ್ಮ ಜಾಣತನ. ಹಾಲಿನ ಲೆಕ್ಕ, ತರಕಾರಿ ಲೆಕ್ಕ ಬರೆಯುವ ನಮಗೆ ಎಂಬಿ, ಜಿಬಿ ಲೆಕ್ಕ ಯಾವ ಮಹಾ?

ಕೆಲವು ಮನೆಗಳಲ್ಲಿ ಇನ್ನೊಂದು ಉಳಿತಾಯ ಸೂತ್ರ ಇದೆ. ಯಜಮಾನರ ಫೋನಿಗೆ ಮಾತ್ರ ಪ್ಯಾಕ್ ಹಾಕಿಸುವುದು, ಹೆಂಡತಿಗೆ ಅವರ ಹಾಟ್‌ಸ್ಪಾಟ್! ನೋಡಿದ್ದೀರಲ್ಲ, ಹತ್ತು ಹೆಜ್ಜೆ ಆಚೆ ಹೋದರೆ ನೆಟ್ ಕಟ್. ಅವರು ಪಾಸ್‌ಪೋರ್ಟ್ ಸಾಲಿನಲ್ಲಿ, ನೀವು ಶೌಚಾಲಯ ಹುಡುಕುತ್ತಾ ಇನ್ನೊಂದು ತುದಿಯಲ್ಲಿ. ಆಗ ಯಾರು ಯಾರಿಗೆ ಫೋನ್ ಮಾಡೋದು? ಮಕ್ಕಳ ಮನೆಯಲ್ಲೂ ಅಷ್ಟೇ. ಹಗಲೆಲ್ಲಾ ಅವರು ಆಫೀಸಿಗೆ. ನೀವು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದಿರೋ, ಎಲ್ಲಾ ಮನೆಗಳೂ ಒಂದೇ ಅಚ್ಚಿನವು. ದಾರಿ ಕೇಳೋಣ ಅಂದರೆ ಬೀದಿಯಲ್ಲಿ ನರಪಿಳ್ಳೆ ಇರೋದಿಲ್ಲ. ವೈಫೈ ಹೊಸ್ತಿಲಲ್ಲೇ ನಿಂತುಬಿಟ್ಟಿರುತ್ತದೆ.

ಇನ್ನು ದುಡ್ಡಿನ ವಿಷಯ. ನಮ್ಮ ಸಿಮ್ ಪರದೇಶದಲ್ಲಿ ಇನ್ನೊಬ್ಬರ ಮನೆಗೆ ಹೋದ ನೆಂಟನಿದ್ದ ಹಾಗೆ. ಅಲ್ಲಿನ ಕಂಪನಿಯ ಟವರ್ ಬಳಸಿದ್ದಕ್ಕೆ ನಮ್ಮ ಕಂಪನಿ ಬಾಡಿಗೆ ಕೊಡಬೇಕು, ಅದರ ಮೇಲೆ ತನ್ನ ಲಾಭ ಸೇರಿಸಿ ನಮ್ಮಿಂದ ವಸೂಲಿ ಮಾಡುತ್ತದೆ. ಇದೇ ರೋಮಿಂಗ್. ಪ್ಯಾಕ್ ಹಾಕಿಸದೆ ಡೇಟಾ ರೋಮಿಂಗ್ ಗುಂಡಿ ಒತ್ತಿದರೆ ದರ ಕಣ್ಣು ಕತ್ತಲೆ ಬರಿಸುತ್ತದೆ. ನಮ್ಮ ಪಕ್ಕದ ಮನೆಯವರು ಸಿಂಗಪುರಕ್ಕೆ ಹೋಗಿ ಬಂದ ಮೇಲೆ ಪೋಸ್ಟ್‌ಪೇಯ್ಡ್ ಬಿಲ್ಲು ವಿಮಾನದ ಟಿಕೆಟ್ಟಿಗೆ ಸಮ ಸಮ ಬಂದಿತ್ತು. "ನಾನು ಏನೂ ನೋಡೇ ಇಲ್ಲ ಕಣ್ರೀ" ಅಂತ ಆಕೆ ಗೋಳಾಡಿದರು. ನಿಜ, ಆಕೆ ನೋಡಿರಲಿಲ್ಲ, ಫೋನ್ ನೋಡಿತ್ತು. ಫೋಟೋಗಳನ್ನು ತಾನೇ ಗೂಗಲ್ಲಿಗೆ ಏರಿಸುವುದು, ವಾಟ್ಸ್‌ಆ್ಯಪ್ ಬ್ಯಾಕಪ್, ಗುಂಪುಗಳಲ್ಲಿ ಬರುವ ಶುಭೋದಯದ ವಿಡಿಯೊಗಳು, ಆ್ಯಪ್‌ಗಳ ಅಪ್‌ಡೇಟ್ ಎಲ್ಲಾ ಹಿಂದಿನ ಬಾಗಿಲಿನಿಂದ ನಡೆಯುತ್ತಲೇ ಇರುತ್ತವೆ. ಹೊರಡುವ ಮುನ್ನ ಇವನ್ನೆಲ್ಲ "ವೈಫೈ ಇದ್ದಾಗ ಮಾತ್ರ" ಅಂತ ಬದಲಿಸಿ. ಮಗಳಿಗೋ ಪಕ್ಕದ ಮನೆ ಹುಡುಗನಿಗೋ ಹೇಳಿದರೆ ಹತ್ತು ನಿಮಿಷದ ಕೆಲಸ, ಆದರೆ ನೀವೇ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ. ವಿಮಾನದೊಳಗೆ ಏರೋಪ್ಲೇನ್ ಮೋಡ್ ಹಾಕುವುದೂ ಬರೀ ನಿಯಮಕ್ಕಲ್ಲ. ಕೆಲವು ವಿಮಾನಗಳಲ್ಲಿ, ಪ್ರವಾಸಿ ಹಡಗುಗಳಲ್ಲಿ ಅವರದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ನೆಲದ ದರಕ್ಕಿಂತ ಬಲು ಜಾಸ್ತಿ.

ಹಾಗಾದರೆ ಯಾವುದು ಅಗ್ಗ? ಎಷ್ಟು ದಿನ ಇರುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಒಂದು ವಾರ, ಹತ್ತು ದಿನದ ಪ್ರವಾಸವಾದರೆ ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕೇ ನೆಮ್ಮದಿ. ಜಿಯೊ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಎಲ್ಲರದ್ದೂ ಬೇರೆ ಬೇರೆ ದರ, ಆಗಾಗ ಬದಲಾಗುತ್ತವೆ. ಆದ್ದರಿಂದ ಹೊರಡುವ ವಾರ ಅವರವರ ಆ್ಯಪ್‌ನಲ್ಲೇ ನೋಡಿ. ದರಕ್ಕಿಂತ ಮೊದಲು ದೇಶದ ಹೆಸರು ಪಟ್ಟಿಯಲ್ಲಿದೆಯಾ ನೋಡಿ. ದಾರಿಯಲ್ಲಿ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವುದಿದ್ದರೆ ಆ ದೇಶವೂ ಸೇರಿದೆಯಾ ಕೇಳಿ. ನಾವು ಯಾದಗಿರಿ ಕಡೆಯವರು ಹೈದರಾಬಾದ್ ಹತ್ತಿರ ಅಂತ ಶಂಶಾಬಾದಿನಲ್ಲಿ ವಿಮಾನ ಹತ್ತುತ್ತೇವೆ, ಅಲ್ಲಿಗೆ ಹೋದ ಮೇಲೆ ಮಾಡಿದರಾಯ್ತು ಅಂತ ಬಿಡಬೇಡಿ. ಆ ಗಡಿಬಿಡಿಯಲ್ಲಿ ಯಾವುದೂ ಆಗೋದಿಲ್ಲ.

ಎರಡು ತಿಂಗಳು, ಆರು ತಿಂಗಳು ಇರುವವರಿಗೆ ರೋಮಿಂಗ್ ಬೇಡವೇ ಬೇಡ. ಅಲ್ಲಿಯ ಪ್ರೀಪೇಯ್ಡ್ ಸಿಮ್ ತೆಗೆದುಕೊಳ್ಳಿ. ಇಲ್ಲವೇ ಮಗಳ ಫ್ಯಾಮಿಲಿ ಪ್ಲಾನಿಗೆ ಇನ್ನೊಂದು ನಂಬರ್ ಸೇರಿಸಲು ಹೇಳಿ, ಹಲವು ಸಲ ಅದೇ ಅಗ್ಗ. ಹೇಳಲು ಸಂಕೋಚವೇ? ನಾಲ್ಕು ತಿಂಗಳು ನೀವು ಹಗಲು ರಾತ್ರಿ ಬಾಣಂತನ ಮಾಡುತ್ತೀರಲ್ಲ, ಅದಕ್ಕೆ ಅಲ್ಲಿ ಆಯಾ ಇಟ್ಟರೆ ಎಷ್ಟಾಗುತ್ತದೆ ಅಂತ ಮಗಳನ್ನೇ ಕೇಳಿ ನೋಡಿ. ಸಂಕೋಚ ತಾನಾಗಿ ಹೋಗುತ್ತದೆ!

ಯುರೋಪಿನ ನಾಲ್ಕೈದು ದೇಶ ಸುತ್ತುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್‌ನ ಹೆಚ್ಚುವರಿ ದರ ತೆಗೆದುಹಾಕಿದ್ದಾರೆ. ಜರ್ಮನಿಯಲ್ಲಿ ಕೊಂಡ ಸಿಮ್ ಪ್ಯಾರಿಸ್‌ನಲ್ಲಿಯೂ ರೋಮ್‌ನಲ್ಲಿಯೂ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಬ್ರಿಟನ್ ಹೊರಗೆ ಬಂದಿದೆ. ನಮ್ಮವರು ಸ್ವಿಸ್ ಹಿಮ ನೋಡದೆ ಬರುವುದಿಲ್ಲವಾದ್ದರಿಂದ ಸಿಮ್ ಕೊಳ್ಳುವಾಗ ಆ ಎರಡು ದೇಶದ ಬಗ್ಗೆ ಬೇರೆಯಾಗಿ ಕೇಳಿ.

ಈಗ ಎಲ್ಲರ ಬಾಯಲ್ಲೂ ಇ-ಸಿಮ್. ಏನಿದು ಅಂತ ಹೆದರಬೇಡಿ. ಚಿಪ್ಪಿನ ಬದಲು ಫೋನಿನೊಳಗೇ ಬರೆದುಕೊಳ್ಳುವ ಸಿಮ್, ಅಷ್ಟೇ. ಮನೆಯಲ್ಲೇ ಕೂತು ದುಡ್ಡು ಕಟ್ಟಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗೀತು. ನಿಮ್ಮ ಫೋನಿಗೆ ಆ ಭಾಗ್ಯ ಇದೆಯಾ ತಿಳಿಯಲು *#06# ಒತ್ತಿ. ಬರುವ ಪಟ್ಟಿಯಲ್ಲಿ ಇಐಡಿ ಅನ್ನುವ ಉದ್ದನೆಯ ಸಂಖ್ಯೆ ಇದ್ದರೆ ಇದೆ ಅಂತ ಅರ್ಥ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟಕ್ಕೆ ಬರೀ ಡೇಟಾ ಇರುತ್ತದೆ, ಮಾತಾಡುವ ನಂಬರ್ ಇರೋದಿಲ್ಲ. ನಮಗೆ ವಾಟ್ಸ್‌ಆ್ಯಪ್ ಇದ್ದರೆ ಸಾಕಲ್ಲ! ಅವಧಿ ಯಾವಾಗಿಂದ ಎಣಿಸುತ್ತಾರೆ, ಹಾಕಿಕೊಂಡ ದಿನದಿಂದಲೋ ಅಲ್ಲಿ ಇಳಿದ ದಿನದಿಂದಲೋ, ಮೊದಲೇ ಓದಿಕೊಳ್ಳಿ. ಒಮ್ಮೆ ಅಳಿಸಿದರೆ ಎಷ್ಟೋ ಸಲ ಮತ್ತೆ ಹಾಕಲು ಬರುವುದಿಲ್ಲ, ಮೊಮ್ಮಕ್ಕಳ ಕೈಗೆ ಫೋನ್ ಕೊಡುವಾಗ ಎಚ್ಚರ.

ಫೋನಿನ ಬಗ್ಗೆಯೂ ಎರಡು ಮಾತು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳೆಲ್ಲ ತಮ್ಮ 3ಜಿ ಸೇವೆ ನಿಲ್ಲಿಸಿದವು. ಹಳೇ ಫೋನು ಅಲ್ಲಿ ಮಾತಿಗೂ ಬರೋದಿಲ್ಲ, 4ಜಿ ವೋಲ್ಟಿ ಇರಬೇಕು. ಮಗ ಪ್ರೀತಿಯಿಂದ ತಂದುಕೊಟ್ಟ ಐಫೋನ್ ಇದೆಯಾ? 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನಿಗೆ ಸಿಮ್ ಇಡುವ ಜಾಗವೇ ಇಲ್ಲ, ಎಲ್ಲಾ ಇ-ಸಿಮ್. ನಿಮ್ಮ ಊರಿನ ಸಿಮ್ಮನ್ನು ಇ-ಸಿಮ್ ಮಾಡಿಸಿದರೆ ಮಾತ್ರ ಅದರೊಳಗೆ ಹೋಗುತ್ತದೆ. ಅಲ್ಲಿಯ ಕೆಲವು ಫೋನುಗಳು ಒಂದೇ ಕಂಪನಿಗೆ ಬೀಗ ಹಾಕಿಸಿಕೊಂಡಿರುತ್ತವೆ, ಅದನ್ನೂ ಮಗನನ್ನು ಕೇಳಿ ತಿಳಿದುಕೊಳ್ಳಿ.

ಎಲ್ಲರೂ ಮಾಡುವ ದೊಡ್ಡ ತಪ್ಪು ಊರಿನ ಸಿಮ್ ತೆಗೆದು ಪರ್ಸಿನ ಮೂಲೆಗೆ ಹಾಕುವುದು. ಬ್ಯಾಂಕಿನ ಒಟಿಪಿ ಎಲ್ಲಿಗೆ ಬರಬೇಕು? ಯುಪಿಐ ಆ್ಯಪ್ ಆ ಸಿಮ್ಮಿಗೇ ಗಂಟು ಬಿದ್ದಿರುತ್ತದೆ. ಸಿಮ್ ತೆಗೆದರೆ ಮತ್ತೆ ನೋಂದಣಿ ಕೇಳಬಹುದು, ಅದಕ್ಕೆ ಆ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು. ಆದ್ದರಿಂದ ಎರಡು ಸಿಮ್‌ನ ಫೋನಿನಲ್ಲಿ ಊರಿನದೂ ಇರಲಿ, ಅಲ್ಲಿಯದೂ ಇರಲಿ. ಊರಿನದಕ್ಕೆ ಡೇಟಾ ರೋಮಿಂಗ್ ಆಫ್, ಅಲ್ಲಿಯದಕ್ಕೆ ಡೇಟಾ ಆನ್. ಊರಿನ ಸಿಮ್ ಅಲ್ಲಿ ಟವರ್ ಹಿಡಿಯಬೇಕಾದರೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಇಲ್ಲಿಂದಲೇ ಚಾಲೂ ಮಾಡಿಸಿರಬೇಕು. ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಬೀಳೋದಿಲ್ಲ, ಆದರೂ ನಿಮ್ಮ ಕಂಪನಿಯಲ್ಲಿ ವಿಚಾರಿಸಿ. ಆ ನಂಬರಿಗೆ ಬರುವ ಕರೆ ಎತ್ತಿದರೆ ಮಾತ್ರ ನಿಮಿಷಕ್ಕಿಷ್ಟು ಅಂತ ಬೀಳುತ್ತದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಇಟ್ಟರೆ ರದ್ದಾಗುವ ಭಯವೂ ಇದೆ, ಹೋಗುವ ಮುಂಚೆ ದೊಡ್ಡ ರೀಚಾರ್ಜ್ ಹಾಕಿಸಿಡಿ. ಹೊಸ ಸಿಮ್ ಹಾಕಿದಾಗ ವಾಟ್ಸ್‌ಆ್ಯಪ್ "ನಂಬರ್ ಬದಲಿಸಲಾ?" ಅಂತ ಕೇಳಿದರೆ ಬೇಡ ಅನ್ನಿ. ಹಳೇ ನಂಬರಿನಲ್ಲೇ ಅದು ಚೆನ್ನಾಗಿ ನಡೆಯುತ್ತದೆ.

ದುಬೈ, ಅಬುಧಾಬಿಗೆ ಹೋಗುವವರೇ, ಅಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗೋದಿಲ್ಲ. ಸರ್ಕಾರದ ನಿರ್ಬಂಧ. ಅಲ್ಲಿಯವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ. ಊರಿನಲ್ಲಿರುವವರ ಫೋನಿಗೂ ಅದನ್ನು ಹಾಕಿಸಿಯೇ ವಿಮಾನ ಹತ್ತಿ. ಯಾರೋ ಹೇಳಿದರು ಅಂತ ವಿಪಿಎನ್ ಹಾಕಿ ನಿರ್ಬಂಧ ದಾಟಲು ಹೋಗಬೇಡಿ, ಅಲ್ಲಿ ಅದಕ್ಕೆ ದಂಡ ಇದೆ.

ಎಷ್ಟು ಜಿಬಿ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಫೋನೇ ಹೇಳುತ್ತದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ಅನ್ನುವಲ್ಲಿ ಕರೆಗೆ ಎಷ್ಟು ಖರ್ಚಾಯಿತು ಅಂತ ತೋರಿಸುತ್ತದೆ. ಇಂದು ಲೆಕ್ಕ ಸೊನ್ನೆ ಮಾಡಿ, ಒಂದು ವಾರ ಬಿಟ್ಟು ನೋಡಿ. ವಿಡಿಯೊ ಕರೆ ಮಾತಿನ ಕರೆಗಿಂತ ಹಲವು ಪಟ್ಟು ತಿನ್ನುತ್ತದೆ. "ಕರೆಗೆ ಕಡಿಮೆ ಡೇಟಾ ಬಳಸು" ಅನ್ನುವ ಆಯ್ಕೆಯೂ ಅಲ್ಲೇ ಇದೆ. ಮುಖ ನೋಡುವುದನ್ನು ಮನೆ ವೈಫೈಗೆ ಇಟ್ಟುಕೊಂಡು, ಹೊರಗೆ ಬರೀ ಮಾತಾಡಿದರೆ ಚಿಕ್ಕ ಪ್ಯಾಕೇ ಧಾರಾಳ. ಹೋಗುವ ಊರಿನ ಗೂಗಲ್ ನಕಾಶೆ, ಗೂಗಲ್ ಅನುವಾದದ ಕನ್ನಡ ಎರಡನ್ನೂ ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ನಯಾಗರಾದಂಥ ಗಡಿ ಜಾಗದಲ್ಲಿ ಅಮೆರಿಕದ ದಡದಲ್ಲಿ ನಿಂತರೂ ಫೋನು ಕೆನಡಾದ ಟವರ್ ಹಿಡಿಯುವುದುಂಟು. ಅಲ್ಲಿ ಅಮೆರಿಕದ ಸಿಮ್ಮಿಗೂ ರೋಮಿಂಗ್ ಆಫ್ ಇರಲಿ.

ನಮ್ಮ ತುದಿ ಸರಿಯಾದರೆ ಸಾಲದು, ಊರಿನ ತುದಿಯೂ ನೋಡಬೇಕು. ಅವ್ವನ ಕೈಯಲ್ಲಿರುವುದು ಗುಂಡಿ ಫೋನು. ಅದಕ್ಕೆ ಅಮೆರಿಕದಿಂದ ನೇರ ಕರೆ ಮಾಡಲು ಮುಂಚೆ ಸ್ಕೈಪ್ ಇತ್ತು, 2025ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿದರು. ನಾನೀಗ ಮಾಡುವುದು ಇಷ್ಟೇ. ಹೊರಡುವ ಮೊದಲು ತಮ್ಮನ ಫೋನಿಗೆ 84 ದಿನದ ರೀಚಾರ್ಜ್ ನಾನೇ ಹಾಕಿಸುತ್ತೇನೆ. ಮಗಳದು, ಅಳಿಯನದು, ಅಲ್ಲಿಯ ನನ್ನದು, ಮೂರೂ ನಂಬರ್ ದೇಶದ ಸಂಖ್ಯೆ ಸಮೇತ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಹೋದ ಸಲ ಬರೆದ ಚೀಟಿ ಶಿರವಾಳದ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಇನ್ನೂ ಅಂಟಿಕೊಂಡಿದೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾಳಂತೆ.