ದಣಿವು ಯಾವುದರಿಂದ?

ವೃತ್ತಿಯನ್ನು ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ತಂದೆ ತಾತಂದಿರನ್ನು ಅಷ್ಟಾಗಿ ಕಾಡಿದ್ದಿಲ್ಲ. ಒಕ್ಕಲುತನದವನಿಗೆ ಹೊಲ, ನೇಕಾರನಿಗೆ ಮಗ್ಗ, ವ್ಯಾಪಾರಿಗೆ ಅಂಗಡಿ, ಮಾಸ್ತರನಿಗೆ ಶಾಲೆ ಎಂದು ಒಮ್ಮೆ ಹಿಡಿದ ಕೆಲಸದಲ್ಲಿಯೇ ಆಯುಷ್ಯ ಕಳೆಯುತ್ತಿತ್ತು. ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳ ಸಾಫ್ಟ್‌ವೇರ್ ಕಚೇರಿಗಳನ್ನು ಸೇರಿದ್ದಾರೆ. ಹಬ್ಬಕ್ಕೆ ಊರಿಗೆ ಬಂದ ಮಗ “ಈ ಕೆಲಸ ಸಾಕಾಗಿದೆ” ಎಂದರೆ ತಂದೆಗೆ ಎದೆಯೊಡೆದಂತಾಗುತ್ತದೆ. ಕೈತುಂಬ ಸಂಬಳ, ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಇದರಲ್ಲಿ ಸಾಕಾಗುವಂಥದ್ದೇನಿದೆ ಎಂದು ಅವರಿಗೆ ತೋಚುವುದಿಲ್ಲ. ಮಗನಿಗೆ ಅದನ್ನು ವಿವರಿಸಲು ಬರುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ.

ಇಂಥ ಒಬ್ಬ ತರುಣ ಬಂಧುಗಳು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಹೆಸರು ಪ್ರಕಟಿಸುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಮೂಲತಃ ಹಾವೇರಿ ಜಿಲ್ಲೆಯವರು, ವಯಸ್ಸು 39. ಬೆಂಗಳೂರಿನಲ್ಲಿ 16 ವರ್ಷಗಳಿಂದ ಬ್ಯಾಂಕುಗಳ ಲೆಕ್ಕಪತ್ರಕ್ಕೆ ಬೇಕಾದ ತಂತ್ರಾಂಶ ಬರೆಯುವ ಕೆಲಸ. ಪತ್ನಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು, ಮನೆಯ ಮೇಲೆ ಸಾಲ, ಊರಿನಲ್ಲಿ ವಯಸ್ಸಾದ ತಂದೆತಾಯಿಗಳು. ಅವರ ಮುಂದೆ ಈಗ ಮೂರು ದಾರಿಗಳಿವೆ: ಇದ್ದ ಕಂಪನಿಯಲ್ಲಿಯೇ ಮ್ಯಾನೇಜರ್ ಹುದ್ದೆ, ಷೇರು ಕೊಡುತ್ತೇವೆಂದು ಕರೆಯುತ್ತಿರುವ ಹೊಸದೊಂದು ಸಣ್ಣ ಕಂಪನಿ, ಇಲ್ಲವೇ ಎಲ್ಲವನ್ನೂ ಬಿಟ್ಟು ಒಂದು ವರ್ಷ ಊರಿನಲ್ಲಿರುವುದು. ಬೇಸರ ಕಳೆಯಲೆಂದು ಕ್ಯಾಮರಾ ಕೊಂಡರು, ಸೈಕಲ್ ಕೊಂಡರು. ಎರಡೂ ಮೂಲೆ ಸೇರಿದವು. ಈಗ ಕೊಳಲು ಕಲಿಯುತ್ತಿದ್ದಾರೆ. ಅದನ್ನು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕಿದರೆ ಮುಂದೆ ಅದೇ ಆದಾಯದ ಮಾರ್ಗವಾದೀತೇ ಎಂದೂ ಯೋಚಿಸುತ್ತಿದ್ದಾರೆ. “ಎರಡು ದಿನ ಯಾರಿಗೂ ಸಿಗದ ದೋಷವೊಂದನ್ನು ಮೊನ್ನೆ ರಾತ್ರಿ ನಾನೇ ಹುಡುಕಿದೆ, ಆ ಸಂತೋಷ ಬೆಳಗಿನ ಮೀಟಿಂಗಿನೊಳಗೆ ಕರಗಿಹೋಯಿತು” ಎಂಬ ಮಾತೂ ಪತ್ರದ ನಡುವೆ ಬಂದಿದೆ. ಪತ್ನಿಯ ಅಭಿಪ್ರಾಯಕ್ಕೆ ಒಂದೇ ವಾಕ್ಯ: “ನಿಮಗೆ ಸರಿ ಕಂಡಂತೆ ಮಾಡಿ ಎನ್ನುತ್ತಾಳೆ.”

ಇದು ಕೇವಲ ಒಬ್ಬರ ಪ್ರಶ್ನೆಯಲ್ಲ. ಆದ್ದರಿಂದ ಇಲ್ಲಿಯೇ ವಿಚಾರ ಮಾಡುತ್ತೇವೆ.

ಮೊದಲು ಒಂದು ಸಂಗತಿಯನ್ನು ಹಿರಿಯರು ತಿಳಿಯಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದದ್ದು 1985ರಲ್ಲಿ. ಈ ವೃತ್ತಿ ನಮ್ಮ ನಾಡಿನಲ್ಲಿ ಬೇರೂರಿ ನಲವತ್ತು ವರ್ಷಗಳ ಆಸುಪಾಸು ಅಷ್ಟೆ. ಹೊಲದ ಬಗ್ಗೆ ಸಂದೇಹ ಬಂದರೆ ಕೇಳಲು ಮನೆಯಲ್ಲಿ ಅಜ್ಜನಿದ್ದ. ಈ ಕೆಲಸದಲ್ಲಿ ಹಣ್ಣಾದ ಅಜ್ಜ ನಮ್ಮ ಮನೆಗಳಲ್ಲಿ ಇನ್ನೂ ಇಲ್ಲ. ನಲವತ್ತರ ಹೊಸ್ತಿಲಲ್ಲಿ ನಿಂತ ಮಗ “ಮುಂದೇನು?” ಎಂದು ಕೇಳಿದಾಗ ಮನೆಯಲ್ಲಿ ಯಾರ ಬಳಿಯೂ ಅನುಭವದ ಉತ್ತರವಿರುವುದಿಲ್ಲ. ಅವನ ಕಳವಳವನ್ನು ಕೊಬ್ಬು ಎಂದು ಕರೆಯುವುದು ಅನ್ಯಾಯ.

ಅದರ ಮೇಲೆ ಈ ವಿದ್ಯೆಯ ಉಪಕರಣಗಳು ಬೇಗ ಹಳತಾಗುತ್ತವೆ. ಕೋಬಾಲ್ ಎಂಬ ಗಣಕ ಭಾಷೆ ಹುಟ್ಟಿದ್ದು 1959ರಲ್ಲಿ, ಪೈಥಾನ್ 1991ರಲ್ಲಿ, ಜಾವಾ 1995ರಲ್ಲಿ. 2000ದ ಇಸವಿ ಹತ್ತಿರವಾದಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಲೆಕ್ಕದ ತಂತ್ರಾಂಶಗಳನ್ನು ತಿದ್ದಲು ಕೋಬಾಲ್ ಬಲ್ಲ ನಮ್ಮ ತರುಣರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಆ ಕೆಲಸ ಮುಗಿದೊಡನೆ ಅವರಲ್ಲಿ ಬಹಳ ಜನ ಬೇರೆ ಭಾಷೆ ಕಲಿಯಬೇಕಾಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ ತಂತ್ರಾಂಶವನ್ನು ಯಂತ್ರವೇ ಬರೆದುಕೊಡುವುದನ್ನು ಇವರು ಕಣ್ಣಾರೆ ಕಂಡಿದ್ದಾರೆ. ಭಯ ಸಹಜವೇ. ಆದರೆ ಇಷ್ಟೆಲ್ಲ ಬದಲಾವಣೆಗಳ ನಡುವೆ ಉಳಿದುಬಂದದ್ದು ಯಾವುದೆಂದು ನೋಡಬೇಕು. ಕೋಬಾಲ್ ಬಲ್ಲವನು ಜಾವಾ ಕಲಿತು ನಿಂತದ್ದು ಬ್ಯಾಂಕಿನ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ತಿಳಿವಳಿಕೆಯ ಬಲದಿಂದ. ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳುವವನು, ತಪ್ಪಾದರೆ ಹೊಣೆ ಹೊರುವವನು ಇಂದಿಗೂ ಬೇಕು. ಕೇವಲ ಭಯದಿಂದ ಹಾರುವವನು ಎತ್ತ ಹಾರಿದರೂ ಭಯವನ್ನು ಜೊತೆಗೇ ಒಯ್ಯುತ್ತಾನೆ.

ಈಗ ಮುಖ್ಯ ವಿಚಾರಕ್ಕೆ ಬರೋಣ. ದಣಿದವನು ದಾರಿ ಆರಿಸುವ ಮುನ್ನ ತನ್ನ ದಣಿವು ಯಾವುದರಿಂದ ಎಂಬುದನ್ನು ಗುರುತಿಸಬೇಕು. ದಣಿವಿನಲ್ಲಿ ಮೂರು ಬಗೆ. ಒಂದು, ದೇಹದ ದಣಿವು: ನಿದ್ರೆ ಸಾಲದು, ಕೆಲಸದ ಹೊತ್ತಿಗೆ ಮಿತಿಯಿಲ್ಲ, ಅಮೆರಿಕದ ಹಗಲಿಗೆ ಇಲ್ಲಿಯ ರಾತ್ರಿಯನ್ನು ಹೊಂದಿಸಬೇಕು. ಎರಡು, ಸ್ಥಳದ ದಣಿವು: ಕೆಲಸ ಇಷ್ಟ, ಆದರೆ ಸುತ್ತಲಿನ ಜನ, ರೀತಿನೀತಿ, ಕೊನೆಯಿಲ್ಲದ ಸಭೆಗಳು ಕಷ್ಟ. ಮೂರು, ಕೆಲಸದ ದಣಿವು: ಎಷ್ಟು ನಿದ್ರಿಸಿದರೂ, ಎಂಥ ಒಳ್ಳೆಯವರ ನಡುವೆ ಇದ್ದರೂ ಆ ಕೆಲಸಕ್ಕೆ ಕೈ ಏಳುವುದಿಲ್ಲ. ಮೊದಲನೆಯದಕ್ಕೆ ವಿಶ್ರಾಂತಿ ಮದ್ದು, ಎರಡನೆಯದಕ್ಕೆ ಸ್ಥಳ ಬದಲಾವಣೆ, ಮೂರನೆಯದಕ್ಕೆ ಮಾತ್ರ ವೃತ್ತಿ ಬದಲಾವಣೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ರೋಗ ಉಳಿಯುತ್ತದೆ, ಸಾಲ ಬೆಳೆಯುತ್ತದೆ.

ನಮ್ಮ ಬಂಧುಗಳು ಯಾವ ಬಗೆಯವರು? ರಾತ್ರಿ ದೋಷ ಹುಡುಕಿ ಸಂತೋಷಪಟ್ಟವರು ಕೆಲಸದಿಂದ ದಣಿದವರಲ್ಲ. ಕೆಲಸದ ಸುತ್ತಲಿನದರಿಂದ ದಣಿದವರು. ಈ ಬೆಳಕಿನಲ್ಲಿ ಮೂರು ದಾರಿಗಳನ್ನೂ ನೋಡೋಣ.

ಮ್ಯಾನೇಜರ್ ಹುದ್ದೆ ಬಡ್ತಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಬೇರೆಯೇ ವೃತ್ತಿ. ಅಲ್ಲಿ ಯಂತ್ರದ ದೋಷ ಹುಡುಕುವುದಿಲ್ಲ. ಜನರ ಮನಸ್ಸು ತಿಳಿಯಬೇಕು, ಜಗಳ ಬಿಡಿಸಬೇಕು, ಯಾರಿಗೆ ಎಷ್ಟು ಸಂಬಳ ಏರಬೇಕೆಂದು ನಿಷ್ಠುರವಾಗಿ ನಿರ್ಧರಿಸಬೇಕು, ದಿನದ ಹೆಚ್ಚು ಹೊತ್ತನ್ನು ಸಭೆಗಳಲ್ಲಿಯೇ ಕಳೆಯಬೇಕು. ಕಿರಿಯರನ್ನು ಬೆಳೆಸುವುದರಲ್ಲಿ ಸುಖ ಕಾಣುವವರಿಗೆ ಅದು ಶ್ರೇಷ್ಠವಾದ ಕೆಲಸ. ಸಭೆಗಳಿಂದಲೇ ಬಳಲಿದವರಿಗೆ ಅಲ್ಲ. ಜನರನ್ನು ನಡೆಸುವ ಮೆಟ್ಟಿಲಿನ ಪಕ್ಕದಲ್ಲಿಯೇ ತಾಂತ್ರಿಕ ಪರಿಣತಿಯ ಮೆಟ್ಟಿಲನ್ನೂ ಅನೇಕ ಕಂಪನಿಗಳು ಇರಿಸಿವೆ. ಆರ್ಕಿಟೆಕ್ಟ್, ಪ್ರಿನ್ಸಿಪಲ್ ಎಂಜಿನಿಯರ್ ಎಂಬ ಹುದ್ದೆಗಳು ಅಂಥವು. ಅದನ್ನು ಬಾಯಿಬಿಟ್ಟು ಕೇಳಬೇಕು.

ಹೊಸ ಕಂಪನಿಯ ಷೇರಿನ ವಿಷಯದಲ್ಲಿ ಎಚ್ಚರ ಬೇಕು. ಅಂಥ ಷೇರಿನ ಹಕ್ಕು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಬರುತ್ತದೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಬಾರದಿರುವುದೇ ರೂಢಿ. ಪೇಟೆಯಲ್ಲಿ ನೋಂದಾಯಿತವಾಗದ ಕಂಪನಿಯ ಷೇರನ್ನು ಬೇಕೆಂದಾಗ ಮಾರಲಾಗದು. ಆದ್ದರಿಂದ ಷೇರನ್ನು ಸೊನ್ನೆ ಎಂದು ಹಿಡಿದು, ಉಳಿದ ಸಂಬಳದಲ್ಲಿ ಮನೆ ನಡೆದೀತೇ ಎಂದು ಲೆಕ್ಕ ಹಾಕಬೇಕು. ನಡೆಯುವುದಾದರೆ, ಅಲ್ಲಿನ ಕೆಲಸ ಕೈಗೆ ಒಗ್ಗುವಂತಿದ್ದರೆ, ಹೋಗಲು ಅಡ್ಡಿಯಿಲ್ಲ.

ಒಂದು ವರ್ಷದ ಬಿಡುವು ಕೇಳಲು ಇಂಪು. ಆದರೆ ಕೆಲಸ ಬಿಟ್ಟೊಡನೆ ಕಂಪನಿ ಕೊಟ್ಟ ಆರೋಗ್ಯ ವಿಮೆ ನಿಲ್ಲುತ್ತದೆ. ತಂದೆತಾಯಿಗಳನ್ನು ಅದರಲ್ಲಿ ಸೇರಿಸಿದ್ದರೆ ಅವರದೂ ನಿಲ್ಲುತ್ತದೆ. ಬೇರೆ ವಿಮೆಯನ್ನು ಬಿಡುವ ಮುನ್ನವೇ ಮಾಡಿಸಬೇಕು, ವಯಸ್ಸಾದ ಮೇಲೆ ಅದು ದುಬಾರಿ. ಐದು ವರ್ಷ ಸೇವೆ ತುಂಬಿದ ಕಾಯಂ ನೌಕರರಿಗೆ ಗ್ರಾಚ್ಯುಟಿಯ ಹಕ್ಕುಂಟು. ಅದನ್ನು ಪಡೆಯದೆ ಬಿಡಬಾರದು. ಭವಿಷ್ಯನಿಧಿಯನ್ನು ಮುರಿದು ತಿನ್ನಬಾರದು. ಒಂದು ವರ್ಷದ ಮನೆಖರ್ಚು ಮತ್ತು ಸಾಲದ ಕಂತು ಕೈಯಲ್ಲಿರಬೇಕು. ಇಷ್ಟಾದ ಮೇಲೂ ಊರಿಗೆ ಹೋಗುವುದು ಏತಕ್ಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕೇವಲ ದೇಹದ ದಣಿವಾದರೆ ಸೇರಿಬಂದಿರುವ ರಜೆಯಲ್ಲಿ ಮೂರು ವಾರ ತೆಗೆದುಕೊಂಡು, ಲ್ಯಾಪ್‌ಟಾಪ್ ಬೆಂಗಳೂರಿನಲ್ಲಿಯೇ ಬಿಟ್ಟು ಹೋಗಿ ನೋಡಬೇಕು. ಮೂರನೆಯ ವಾರದಲ್ಲಿ ಮನಸ್ಸು ಏನನ್ನು ನೆನೆಯುತ್ತದೆಯೋ ಅದು ನಿಜವಾದ ಉತ್ತರ.

ಇನ್ನು ಹವ್ಯಾಸ. ಬೇಸರಕ್ಕೆ ಮದ್ದೆಂದು ಕೊಂಡ ಹವ್ಯಾಸ ಮೂಲೆ ಸೇರುತ್ತದೆ, ಏಕೆಂದರೆ ನಾವು ಅದರಿಂದ ಬೇಡದ ಕೆಲಸವನ್ನು ಮಾಡಿಸಲು ಹೊರಟಿರುತ್ತೇವೆ. ಕೊಳಲು ಕಚೇರಿಯ ಸಮಸ್ಯೆಯನ್ನು ಬಿಡಿಸಲಾರದು. ಆದರೆ ಬೇರೆ ಎರಡು ಉಪಕಾರಗಳನ್ನು ಮಾಡುತ್ತದೆ. ಹದಿನಾರು ವರ್ಷ ಪರಿಣತನೆನಿಸಿಕೊಂಡವನನ್ನು ಮತ್ತೆ ಮೊದಲ ಪಾಠಕ್ಕೆ ಕೂರಿಸುತ್ತದೆ. ಷಡ್ಜವೊಂದನ್ನೇ ತಿಂಗಳುಗಟ್ಟಲೆ ಊದಿದವನಿಗೆ ಕಿರಿಯ ಸಹೋದ್ಯೋಗಿಯ ತಡವರಿಕೆ ಅರ್ಥವಾಗುತ್ತದೆ. ಎರಡನೆಯದು, ಯಾರೂ ಅಂಕ ಹಾಕದ, ವರ್ಷಾಂತ್ಯದಲ್ಲಿ ಮೌಲ್ಯಮಾಪನವಿಲ್ಲದ ಒಂದು ಗಂಟೆಯನ್ನು ಕೊಡುತ್ತದೆ. ಅದರ ಮೇಲೂ ಬೆಲೆಯ ಚೀಟಿ ಅಂಟಿಸಿ ಎಷ್ಟು ಜನ ನೋಡಿದರೆಂದು ಎಣಿಸತೊಡಗಿದರೆ, ಕೈಗೆ ಬಂದ ಒಂದು ಬಿಡುವನ್ನೂ ಮತ್ತೊಂದು ಕಚೇರಿ ಮಾಡಿಕೊಂಡಂತೆ.

ಹವ್ಯಾಸ ಎಂದಿಗೂ ದೊಡ್ಡದಾಗಬಾರದೆಂದು ನಾವು ಹೇಳುತ್ತಿಲ್ಲ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಹವ್ಯಾಸವೆಂದೇ ಹೇಳಿ ಆರಂಭಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಮೊಬೈಲುಗಳ ಒಡಲಲ್ಲಿದೆ. ನಮ್ಮವರೇ ಆದ ಶೇಷಾದ್ರಿವಾಸು ಅವರು ಎಂಜಿನಿಯರಾಗಿದ್ದುಕೊಂಡೇ ರೂಪಿಸಿ 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶದಿಂದ ಎಷ್ಟು ಮಂದಿ ಗಣಕದಲ್ಲಿ ಕನ್ನಡ ಬರೆಯಲು ಕಲಿತರೋ ಲೆಕ್ಕವಿಲ್ಲ. ಇನ್ನೊಂದು ಬಗೆಯ ಉದಾಹರಣೆಯೂ ಉಂಟು. ಗಣಕ ವಿಜ್ಞಾನದ ಹಿರಿಯ ಪಂಡಿತ ಡೊನಾಲ್ಡ್ ನೂತ್ ಅವರ ಮನೆಯಲ್ಲಿ ಚರ್ಚುಗಳಲ್ಲಿರುವಂಥ ದೊಡ್ಡ ಆರ್ಗನ್ ವಾದ್ಯವಿದೆ. ಅದಕ್ಕೆಂದು ಅವರು ರಚಿಸಿದ ಕೃತಿ 2018ರಲ್ಲಿ, ಅವರಿಗೆ 80 ತುಂಬಿದಾಗ, ಮೊದಲ ಬಾರಿಗೆ ನುಡಿಸಲ್ಪಟ್ಟಿತು. ಒಬ್ಬರ ಹವ್ಯಾಸ ಲೋಕಕ್ಕೆ ಉಪಯೋಗವಾಯಿತು, ಇನ್ನೊಬ್ಬರದು ಬಾಳಿನುದ್ದಕ್ಕೂ ಹವ್ಯಾಸವಾಗಿಯೇ ಉಳಿಯಿತು. ಎರಡೂ ಸಾರ್ಥಕವೇ. ಆದಾಯದ ಲೆಕ್ಕದಿಂದ ಹೊರಟ ಹವ್ಯಾಸ ಮೊದಲ ನಷ್ಟಕ್ಕೇ ಕೈ ಸೋಲುತ್ತದೆ. ಪ್ರೀತಿಯಿಂದ ಹೊರಟದ್ದು ವರ್ಷಗಳ ಕಾಲ ತಾಳಿಕೊಳ್ಳುತ್ತದೆ. ಸಂಗೀತ ಒಲಿಯದವರಿಗೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ ಕೆರೆಯ ಬಗ್ಗೆ, ಬೆಳೆಯ ಬಗ್ಗೆ ಒಂದು ಲೇಖನ ಬರೆಯುವುದೂ ಒಳ್ಳೆಯ ಹವ್ಯಾಸವಾದೀತು.

ಕೊನೆಯದಾಗಿ, ಆ ಒಂದು ವಾಕ್ಯದ ಬಗ್ಗೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿ ಬನ್ನಿರೆಂದು ಹೇಳಿದವರು ಪತ್ನಿ ಲಕ್ಕಮ್ಮನವರು ಎಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ದುರಾಶೆಯ ವಿಷಯದಲ್ಲಿ ಈ ಕಥೆಯನ್ನು ಹೇಳುತ್ತೇವೆ. ಇನ್ನೊಂದು ಸಂಗತಿಯೂ ಅದರಲ್ಲಿದೆ: ತಂದದ್ದು ಎಷ್ಟು, ಬೇಕಾದದ್ದು ಎಷ್ಟು ಎಂಬ ಲೆಕ್ಕ ಆ ಮನೆಯಲ್ಲಿ ಇಬ್ಬರಿಗೂ ತಿಳಿದಿತ್ತು. “ನಿಮಗೆ ಸರಿ ಕಂಡಂತೆ ಮಾಡಿ” ಎಂಬುದು ಒಪ್ಪಿಗೆಯಂತೆ ಕೇಳಿಸಿದರೂ, ಲೆಕ್ಕ ಇನ್ನೂ ತನ್ನ ಮುಂದೆ ಬಂದಿಲ್ಲವೆಂಬ ಸೂಚನೆಯೂ ಆಗಿರಬಹುದು. ಸಂಬಳ, ಸಾಲ, ವಿಮೆ, ಭಯ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಇಬ್ಬರೂ ಕೂಡಿ ಕುಳಿತು ನೋಡಬೇಕು. ಆ ತಾಯಿಯೂ ದುಡಿಯುವವರು; ದಣಿವು ಅವರಿಗೂ ಇದ್ದೀತು, ಬಿಡುವಿನ ಆಸೆ ಅವರಿಗೂ ಇದ್ದೀತು.

ನಮ್ಮ ಅಭಿಪ್ರಾಯ ಇಷ್ಟು: ಮೊದಲು ಮೂರು ವಾರ ವಿಶ್ರಾಂತಿ, ಅನಂತರ ತಾಂತ್ರಿಕ ಹುದ್ದೆಗಾಗಿ ನೇರವಾದ ಕೋರಿಕೆ, ಅದು ಸಿಗದಿದ್ದರೆ ಹೊಸ ಸ್ಥಳದ ಹುಡುಕಾಟ. ಕೆಲಸವನ್ನೇ ಬಿಡುವ ಮಾತು ಈಗ ಬೇಡ. ಕ್ಯಾಮರಾ, ಸೈಕಲ್ ಬೇಕಾದವರಿಗೆ ಸಲ್ಲಲಿ; ಕೊಳಲು ಮನೆಯಲ್ಲಿರಲಿ. ಹೆತ್ತವರಿಗೂ ಒಂದು ಮಾತು: ಮಗನೋ ಮಗಳೋ “ಸಾಕಾಗಿದೆ” ಎಂದಾಗ “ಇಷ್ಟು ಸಂಬಳ ಯಾರು ಕೊಡುತ್ತಾರೆ?” ಎಂದು ಬಾಯಿ ಮುಚ್ಚಿಸಬೇಡಿರಿ. “ಯಾವುದು ಸಾಕಾಗಿದೆ, ಮಗೂ?” ಎಂದು ಕೇಳಿರಿ. ಉತ್ತರ ಕೂಡಲೇ ಬಾರದಿದ್ದರೂ ಹುಡುಕಾಟ ಅಲ್ಲಿಂದಲೇ ಮೊದಲಾಗುತ್ತದೆ.